ಬೋರಕ್ಕನ ಬುಡ

ತೊರೆಗುಂಟೆಯ ಕೆರೆ ಏರಿಯ ಉದ್ದಕ್ಕೂ ಆಲದ ಜಾತಿಯ ಗೋಣಿಮರಗಳ ಸಾಲಿದೆ. ತೂಬಿನ ಬಳಿ ಎರಡು ದೊಡ್ಡ ಮರಗಳ ನಡುವೆ ಮೊಣಕಾಲೆತ್ತರದ ಒಂದು ಬುಡ ನಿಂತಿದೆ. ಅದಕ್ಕೆ ಕೊಂಬೆಯಿಲ್ಲ, ಒಂದೆಲೆಯೂ ಇಲ್ಲ. ಆದರೆ ತೊಗಟೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು. ಊರವರು ಅದನ್ನು ಬೋರಕ್ಕನ ಬುಡ ಎನ್ನುತ್ತಾರೆ. ಆ ಹೆಸರು ಬಂದ ಕಥೆಯಲ್ಲಿ ಊರು ಹೆಮ್ಮೆಪಡುವಂಥದ್ದು ಹೆಚ್ಚೇನಿಲ್ಲ.

ಹಿಂದೆ ಒಮ್ಮೆ ಏರಿ ಕಟ್ಟಿದಾಗ, ಮಣ್ಣು ಹಿಡಿದು ನಿಲ್ಲಲೆಂದು ಮನೆಗೊಂದು ಗೋಣಿಯ ಕೊಂಬೆ ನೆಟ್ಟರಂತೆ. ಆ ಮರವೇ ಆ ಮನೆಯ ಗುರುತು. ಮುಂದೆ ಚಿತ್ತಯ್ಯನೆಂಬವನು ಅಲ್ಲಿ ನೀರಗಂಟಿಯಾಗಿದ್ದ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಅವನ ಮರದ ಪಕ್ಕದ್ದು, ಗಂಡ ಸತ್ತು ಒಂಟಿಯಾಗಿದ್ದ ಅವನ ಅಕ್ಕ ಬೋರಕ್ಕನದು; ಅದರಾಚೆಯದು ಗೌಡರದು. ಒಂದು ವರ್ಷ ಸೀಮೆಗೆಲ್ಲ ಸಿಡುಬು ಬಂದು ಊರಬಾಗಿಲು ಮುಚ್ಚಿದರು. ಹೊರಗಿನ ಮಂಟಪದಲ್ಲಿ ರೋಗ ಬಡಿದು ಬಿದ್ದಿದ್ದ ಪರವೂರಿನ ತಾಯಿ ಮಗುವಿಗೆ ಬೋರಕ್ಕ ಗಂಜಿ ಕಾಯಿಸಿ ಕೊಟ್ಟಳು. ಊರು ಕೂಡಿ, ಅವಳಿಗೆ ಯಾರೂ ಬೆಂಕಿ ನೀರು ಕೊಡಬಾರದೆಂದು ಕಟ್ಟಪ್ಪಣೆ ಮಾಡಿತು. ಅವಳ ಮರವನ್ನೂ ಕಡಿಯಬೇಕೆಂದಿತು. ಕೊಡಲಿ ಹಿಡಿದವನು ಚಿತ್ತಯ್ಯನೇ. ಒಲ್ಲೆನೆಂದರೆ ತನ್ನ ಮನೆಯೂ ಹೊರಗಾಗುತ್ತದೆ ಎಂದು ಹೆದರಿದ. ಅಕ್ಕ ಏರಿಯ ತುದಿಯಲ್ಲಿ ಗುಡಿಸಲು ಹಾಕಿಕೊಂಡು, ಕೆರೆಯ ನೀರು ಮುಟ್ಟುವಂತಿಲ್ಲದೆ, ಹರದಾರಿ ದೂರದ ಹಳ್ಳದಿಂದ ನೀರು ಹೊರುತ್ತಿದ್ದಳು. ತಮ್ಮ ಕಂಡೂ ಕಾಣದವನಂತಿದ್ದ.

ಬುಡ ಮಾತ್ರ ಸಾಯಲಿಲ್ಲ. ಚಿಗುರಿದಾಗೆಲ್ಲ ಚಿತ್ತಯ್ಯ ಚಿವುಟಿದ. ಬೇಸಿಗೆ ಕಳೆದರೂ ತೊಗಟೆ ಹಸಿಯಾಗಿಯೇ ಇತ್ತು. ಬೇರುಸಹಿತ ಕೀಳು ಎಂದು ಗೌಡರು ಹೇಳಿಕಳಿಸಿದರು. ಅಗೆದು ನೋಡಿದರೆ ಮೂರು ಮರಗಳ ಬೇರುಗಳೂ ಒಂದಕ್ಕೊಂದು ಬೆಸೆದುಕೊಂಡು, ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಗುದ್ದಲಿಯ ಏಟು ಬಿದ್ದಲ್ಲೆಲ್ಲ ಹಾಲು ಒಸರುತ್ತಿತ್ತು. ವರ್ಷವಿಡೀ ತಾನು ಅಕ್ಕನಿಗೆ ಕೊಡದ ನೀರನ್ನು ತನ್ನ ಮರ ಅವಳ ಬುಡಕ್ಕೆ ಕೊಡುತ್ತಿದೆ ಎಂದು ತಿಳಿದು ಚಿತ್ತಯ್ಯನಿಗೆ ನಾಚಿಕೆಯಾಯಿತು, ಅಳು ಬಂತು. ಅಲ್ಲೇ ಕೆರೆಯಲ್ಲಿ ಕೊಡ ತುಂಬಿಕೊಂಡು, ಹಾಡಹಗಲೇ ಎಲ್ಲರ ಕಣ್ಣೆದುರಿಗೆ ಗುಡಿಸಲಿಗೆ ನಡೆದ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗಾಗಿತ್ತು. ಬೋರಕ್ಕ ಜ್ವರ ಬಂದು ಮೂರು ದಿನದಿಂದ ಎದ್ದಿರಲಿಲ್ಲ, ಮಡಕೆ ಒಣಗಿತ್ತು. ತುಟಿಗೆ ನೀರು ಹಿಡಿದಾಗ ಅವಳು ಅಂದದ್ದು ಇಷ್ಟೇ: “ಯಾರಾದ್ರೂ ನೋಡ್ಯಾರು ಕಣೋ ಚಿತ್ತಾ. ಇಟ್ಟು ಹೋಗು. ನಿನ್ನೂ ಹೊರಗಿಡ್ತಾರೆ.” ಒಂದು ಗುಟುಕು ಇಳಿಯಿತು, ಎರಡನೆಯದು ಇಳಿಯಲಿಲ್ಲ.

ಅವಳನ್ನು ಹೊರಲು ಯಾರೂ ಬರಲಿಲ್ಲ. ಚಿತ್ತಯ್ಯ ಒಬ್ಬನೇ ಹೊತ್ತು ಮಣ್ಣು ಮಾಡಿ ಬಂದು, ಗೌಡರನ್ನು ಅಗೆದ ಗುಂಡಿಯ ಬಳಿಗೆ ಕರೆದ. “ನಿಮ್ಮ ಮರದ ಬೇರು ಯಾವುದು ತೋರ್ಸಿ ಗೌಡ್ರೆ. ಅದನ್ನ ಬಿಟ್ಟು ಮಿಕ್ಕಿದ್ದು ಕಡೀತೀನಿ” ಎಂದ. ಗೌಡರು ಬಹಳ ಹೊತ್ತು ನೋಡಿದರು, ತೋರಿಸಲಾಗಲಿಲ್ಲ. ಕೊನೆಗೆ ತಾವೇ ಕೈಯಿಂದ ಮಣ್ಣು ಮುಚ್ಚಿದರು.

ಅಂದಿನಿಂದ ಆ ಬುಡ ಚಿಗುರಲೂ ಇಲ್ಲ, ಒಣಗಲೂ ಇಲ್ಲ ಎನ್ನುತ್ತಾರೆ. ಈಗಲೂ ನೋಡಲು ಬಂದ ಹೊಸಬರು ತಂಬಿಗೆಯ ನೀರನ್ನು ಬುಡಕ್ಕೆ ಸುರಿಯಹೋದರೆ ಊರವರು ತಡೆಯುತ್ತಾರೆ. ಆಚೀಚೆಯ ಎರಡು ಮರಗಳಿಗೆ ಹಾಕಿ ಎನ್ನುತ್ತಾರೆ. ಬೋರಕ್ಕನಿಗೆ ನೀರು ಕೊಡಬೇಕಾದವರು ಅವಳ ಈ ನೆರೆಯವರು.