ಬಾಯ್ಲರ್ ಪಕ್ಕದ ಊಟ

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯ ಸಂಗತಿ ಇದು. ಧಣಿಯ ಭಾವಮೈದ ಬಸವಂತಪ್ಪ ಅಲ್ಲಿ ಮ್ಯಾನೇಜರ. ಕೈತುಂಬ ಉಂಗುರ, ಕೆಲಸ ಮಾತ್ರ ಬರೋದಿಲ್ಲ. ಬಾಯ್ಲರಿಗೆ ಹೊಸ ಉಕ್ಕಿನ ಪೈಪು ತರುವ ಬದಲು ಗುಜರಿಯಿಂದ ಹಳೇದು ತಂದು, ಬಣ್ಣ ಬಳಿಸಿ, ಮೇಲೆ ತಪಾಸಣೆಯ ಮುದ್ರೆಯನ್ನೂ ತಾನೇ ಹೊಡೆಸಿದ. ಉಳಿದ ದುಡ್ಡು ಎಲ್ಲಿ ಹೋಯ್ತು ಅಂತ ನನ್ನ ಕೇಳಬೇಡಿ, ಅವನ ಹೆಂಡತಿ ಕೊರಳಿನ ಹೊಸ ಸರ ನೋಡಿ.

ಬಾಯ್ಲರ್ ನೋಡಿಕೊಳ್ಳುವ ಹುಲುಗಪ್ಪ ಹೆಂಡತಿ ಸತ್ತಮೇಲೆ ಬಾಯ್ಲರ್ ಮನೆಯಲ್ಲೇ ಒಬ್ಬನೇ ಇದ್ದ. ಬಾಯ್ಲರ್ ಸಿಡಿದೀತು ಅಂತ ಹೆದರಿ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

"ಈ ಪೈಪು ಉಗಿ ತಡೆಯಂಗಿಲ್ರಿ, ಒಡೀತದ," ಅಂದ ಹುಲುಗಪ್ಪ.

"ಮುದ್ರೆ ಬಿದ್ದ ಮಾಲಲೇ ಅದು! ಬೆಂಕಿ ಹಚ್ಚತೀಯೋ, ಗಂಟು ಕಟ್ಟಿ ಹೋಗತೀಯೋ?" ಬಸವಂತಪ್ಪ ಗದರಿದ.

"ಹಚ್ಚತೀನ್ರಿ ಧಣ್ಯಾರ. ಇವತ್ತು ನನ್ನ ಜೋಡಿ ಇಲ್ಲೇ ಕುಂತು ಉಣ್ಣರಿ. ಆಳುಗಳಿಗೂ ಧೈರ್ಯ ಬರ್ತದ."

ಹಮಾಲರೆಲ್ಲ ದೂರ ನಿಂತು ನೋಡುತ್ತಿದ್ದರು. ಬಸವಂತಪ್ಪ ಇಲ್ಲ ಅನ್ನಲಾರದೆ ಆ ಪೈಪಿನ ಕೆಳಗೇ ಕುಂತ. ಎರಡು ತುತ್ತು ಒಳಗೆ ಹೋಗಿತ್ತು, ಬೆನ್ನ ಹಿಂದೆ ಬುಸ್ಸೆಂದಿತು.

"ಏನಲೇ ಅದು?"

"ಉಗಿರೀ. ನೀವು ಉಣ್ಣರಿ."

ಮತ್ತೆ ಬುಸ್ಸೆಂದಿತು. ಬಸವಂತಪ್ಪ ರೊಟ್ಟಿ ಕೈಯಲ್ಲೇ ಹಿಡಿದು, ಚಪ್ಪಲಿ ಬಿಟ್ಟು ಓಡಿದ. "ಆರ್ಸಲೇ! ಹೊಸಾ ಪೈಪು ತರಸ್ತೀನಿ, ಆರ್ಸು!"

ಆರಿಸೋಕೆ ಬೆಂಕಿ ಎಲ್ಲಿತ್ತು? ಹುಲುಗಪ್ಪ ಹಚ್ಚೇ ಇರಲಿಲ್ಲ, ಬಾಯ್ಲರ್ ತಣ್ಣಗೆ ಕುಂತಿತ್ತು. ಬುಸ್ಸೆಂದದ್ದು ಮೂಲೆಯ ಒಲೆ ಮೇಲೆ ಬೇಳೆ ಬೇಯುತ್ತಿದ್ದ ಕುಕ್ಕರು, ಹುಲುಗಪ್ಪನ ಸತ್ತ ಹೆಂಡತಿ ಬಿಟ್ಟುಹೋದದ್ದು.

ಹಮಾಲರು ಹೊಟ್ಟೆ ಹಿಡಿದು ನಕ್ಕು ಅವರವರ ಮನೆಗೆ ಊಟಕ್ಕೆ ಹೋದರು. ಹುಲುಗಪ್ಪ ಒಬ್ಬನೇ ಬೇಳೆ ಬಡಿಸಿಕೊಂಡು, ಎದುರಿಗಿದ್ದ ಎರಡೇ ತುತ್ತು ಉಂಡ ಬಸವಂತಪ್ಪನ ತಾಟು ನೋಡಿದ.

"ಜೋಡಿಗೆ ಇನ್ನೊಂದೀಟು ಕುಂತಿದ್ರ ಚಲೋ ಇತ್ತು," ಅಂದ.