ಮೂಲೆಮನೆಯ ಕಾಗದದ ಹೂವು

“ಗುರುಗಳೇ, ಎಷ್ಟು ತಿಳಿಹೇಳಿದರೂ ಜನ ತಮ್ಮ ನಡತೆ ಬಿಡುವುದಿಲ್ಲ. ಅವರನ್ನು ತಿದ್ದುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಬಡಾವಣೆಯಲ್ಲಿ ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಒಬ್ಬ ದರ್ಜಿಯ ಮನೆಯಿತ್ತು. ಅವನು ಬೇಲಿಯ ಉದ್ದಕ್ಕೂ ಕಾಗದದ ಹೂವಿನ ಬಳ್ಳಿ ಬೆಳೆಸಿದ್ದ. ಅದು ಆಳೆತ್ತರ ಮೀರಿ ಎರಡೂ ಬೀದಿಗಳ ಮೇಲೆ ಬಾಗಿತ್ತು. ಗಾಳಿ ಬೀಸಿದಾಗಲೆಲ್ಲ ಎಸಳುಗಳು ನಾಲ್ಕು ದಾರಿಗೂ ತೇಲಿಹೋಗುತ್ತಿದ್ದವು. ಅಲ್ಲಿಗೆ ಬಂದವರಿಗೆ ತಾವು ಎಲ್ಲಿಗೆ ಹೊರಟಿದ್ದೆವು ಎಂಬುದೇ ಒಂದು ಗಳಿಗೆ ಮರೆತುಹೋಗುತ್ತಿತ್ತು.

ಅದೇ ಮೂಲೆಯಲ್ಲಿ ವಾಹನಗಳು ಆಗಾಗ ಡಿಕ್ಕಿ ಹೊಡೆಯುತ್ತಿದ್ದವು. ದರ್ಜಿ ಒಳ್ಳೆಯವನು. ಹೊಲಿಗೆ ಬಿಟ್ಟು ಓಡಿಬಂದು ಬಿದ್ದವರನ್ನು ಎಬ್ಬಿಸುತ್ತಿದ್ದ, ನೀರು ಕೊಡುತ್ತಿದ್ದ, ಆಮೇಲೆ ಇಬ್ಬರನ್ನೂ ಬೈಯುತ್ತಿದ್ದ. ‘ನಿಧಾನವಾಗಿ ಚಲಿಸಿ’ ಎಂದು ಬೋರ್ಡು ಬರೆಸಿ ನೆಡಿಸಿದ. ಪುರಸಭೆಗೆ ಅಲೆದು ರಸ್ತೆಗೆ ಉಬ್ಬು ಹಾಕಿಸಿದ. ಅದು ಒಂದು ಮಳೆಗಾಲಕ್ಕೆ ಸವೆದುಹೋಯಿತು. ಸಂಜೆ ಹೊತ್ತು ತಾನೇ ನಡುವೆ ನಿಂತು ಕೈ ತೋರಿಸಿದ. ಅವನು ನಿಂತಿರುವಷ್ಟು ಹೊತ್ತು ಜನ ನಿಧಾನಿಸಿದರು. ಒಳಗೆ ಹೋದ ಮೇಲೆ ಮೊದಲಿನಂತೆಯೇ ಬಂದರು.

ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಹಾಲು ಹಾಕಲು ಬರುವ ಹೆಂಗಸಿಗೆ ಮೋಟರ್ ಸೈಕಲ್ ಬಡಿದು ಕಾಲು ಮುರಿಯಿತು. ಉದುರಿದ ಎಸಳುಗಳ ಮೇಲೆ ಹಾಲು ಹರಿಯಿತು. ದರ್ಜಿ ಆಸ್ಪತ್ರೆಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತ.

“ಪೊಲೀಸರಿಗೆ ಹೇಳೋಣಮ್ಮ. ಅವನು ಎಷ್ಟು ಜೋರಾಗಿ ಬಂದ?” ಎಂದು ಕೇಳಿದ.

“ಜೋರಾಗಿ ಬರಲಿಲ್ಲ ಅಣ್ಣ,” ಎಂದಳು ಅವಳು. ಔಷಧದ ಮಂಪರಿನಲ್ಲಿ ಅವಳ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು. “ನಾನೂ ಮೆಲ್ಲಗೇ ಇದ್ದೆ. ಹೂವಿನೊಳಗಿಂದ ಎದ್ದು ಬಂದ ಹಾಗೆ ಬಂದುಬಿಟ್ಟ.”

ಅವಳು ನಿದ್ದೆಹೋದ ಮೇಲೆ ದರ್ಜಿ ಮನೆಗೆ ಹೊರಟ.

ಮರುದಿನ ಅವನು ನೆರೆಮನೆಯವರ ಸೈಕಲ್ ಇಸಿದುಕೊಂಡು, ಅವಳು ಬರುತ್ತಿದ್ದ ಕಡೆಯಿಂದಲೇ ಮೂಲೆಗೆ ಬಂದ. ಇಷ್ಟು ವರ್ಷವೂ ಆ ಬಳ್ಳಿಯನ್ನು ಅವನು ಮನೆಯ ಒಳಗಿನಿಂದ, ಇಲ್ಲವೇ ಮೂಲೆಯ ನಡುವೆ ನಿಂತು ನೋಡಿದ್ದ. ಈಗ ಕಣ್ಣ ಮುಂದೆ ಗುಲಾಬಿ ಬಣ್ಣವೊಂದೇ ಇತ್ತು. ಅಡ್ಡಬೀದಿ ಇರಲಿಲ್ಲ, ಬರುವವರು ಇರಲಿಲ್ಲ. ಎಲ್ಲಿಂದಲೋ ಒಂದು ಹಾರ್ನ್ ಕೇಳಿಸಿತು. ಅವನು ಥಟ್ಟನೆ ಇಳಿದು ನಿಂತುಬಿಟ್ಟ.

ಆ ದಿನವೇ ಕತ್ತಿ ಹಿಡಿದು ಬಳ್ಳಿಯನ್ನು ಸೊಂಟದೆತ್ತರಕ್ಕೆ ಕಡಿದ. ಕಡಿಯುವಾಗ ಅತ್ತ. ಅವನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಬೀದಿ ಬೋಳಾಯಿತೆಂದು ಅಕ್ಕಪಕ್ಕದವರು ಗೊಣಗಿದರು. ಉಳಿದ ಎಸಳುಗಳು ಒಂದು ವಾರ ಗಾಳಿಯಲ್ಲಿ ಅಲೆದಾಡಿ ಮುಗಿದವು.

ಕೆಲವು ತಿಂಗಳ ಮೇಲೆ ಹಾಲಿನವಳು ಮತ್ತೆ ಸೈಕಲ್ ಏರಿ ಬಂದಳು. ಅಡ್ಡಬೀದಿಯಲ್ಲಿ ಬರುತ್ತಿದ್ದ ಸ್ಕೂಟರಿನವನು ಅವಳನ್ನು ದೂರದಿಂದಲೇ ಕಂಡು ಬ್ರೇಕ್ ಹಿಡಿದ. ಅವಳು ಅವನತ್ತ ತಲೆಯಾಡಿಸಿ ದಾಟಿಹೋದಳು. ಅಲ್ಲಿಂದ ಮುಂದೆ ಆ ಮೂಲೆಯಲ್ಲಿ ಯಾರೂ ಬೀಳಲಿಲ್ಲ.

“ಹಾಗಾದರೆ ಕೊನೆಗೂ ಆ ಜನ ತಿದ್ದಿಕೊಂಡರೇ?” ಎಂದು ಶಿಷ್ಯ ಕೇಳಿದ.

“ಜನ ಮೊದಲಿನವರೇ, ಈಗ ಒಬ್ಬರಿಗೊಬ್ಬರು ಕಾಣಿಸುತ್ತಾರೆ,” ಎಂದರು ಗುರುಗಳು.