ಏಸಿಯ ಉಸಿರು

ಕಲಬುರಗಿಯ ನಡುಬೇಸಿಗೆಯಲ್ಲಿ ನೀಲಗಂಗಮ್ಮನ ಮನೆಯ ಏಸಿ ತಂಪು ಕೊಡುವುದನ್ನು ನಿಲ್ಲಿಸಿತು. ಕೆಳಗಿದ್ದ ನೀರಿನ ಮಡಕೆಗೆ ಅದು ಹೇಳಿತು: "ನನ್ನ ಕತೆ ಮುಗಿಯಿತು. ಕಂಪ್ರೆಸರೇ ಹೋಗಿದೆ ಎಂದು ಪಕ್ಕದ ಮನೆಯವರು ಹೇಳಿದರು. ಹೊಸದು ಹಾಕಿಸಲು ಅಮ್ಮ ಮಾರಲೆಂದು ಚಿನ್ನದ ಬಳೆ ಬಿಚ್ಚಿಟ್ಟಿದ್ದಾಳೆ."

"ನಿನ್ನನ್ನು ಕೊನೆಯ ಸಲ ತೊಳೆದದ್ದು ಯಾವಾಗ?" ಎಂದು ಮಡಕೆ ಕೇಳಿತು.

"ತೊಳೆಯುವುದೇ? ನಾನು ಯಂತ್ರ. ಪ್ರತಿ ಆಯುಧಪೂಜೆಗೆ ನನಗೆ ಕುಂಕುಮ, ಹಾರ, ಆರತಿ ಸಲ್ಲುತ್ತವೆ."

"ನನಗೆ ಆರತಿಯಿಲ್ಲ. ಆದರೆ ಅಮ್ಮ ದಿನವೂ ನಾರಿನಿಂದ ನನ್ನ ಮೈ ಉಜ್ಜುತ್ತಾಳೆ. ಮಣ್ಣಿನ ಸಣ್ಣ ರಂಧ್ರಗಳು ಕಟ್ಟಿಕೊಂಡರೆ ನನ್ನ ನೀರೂ ತಣ್ಣಗಾಗದು."

ಅಷ್ಟರಲ್ಲಿ ಮೆಕ್ಯಾನಿಕ್ ಖಾಜಾಸಾಬ್ ಬಂದು, ಏಸಿಯ ಮುಚ್ಚಳ ತೆಗೆದು, ಒಳಗಿನ ಗಾಳಿ ಸೋಸುವ ಜಾಳಿಗೆಯನ್ನು ಹೊರಗೆಳೆದ. ಐದು ವರ್ಷದ ಧೂಳು ಕಂಬಳಿಯ ಹಾಗೆ ಇಡಿಯಾಗಿ ಕಳಚಿ ಬಿತ್ತು.

"ಅವ್ವಾರ, ಕಂಪ್ರೆಸರ್ ಗಟ್ಟಿ ಅದರಿ. ಉಸಿರು ಕಟ್ಟಿತ್ತು, ಅಷ್ಟೇ ನೋಡ್ರಿ," ಎಂದು ಅವನು ಜಾಳಿಗೆಯನ್ನು ನಲ್ಲಿಯ ಕೆಳಗೆ ತೊಳೆದು ಮತ್ತೆ ಕೂಡಿಸಿದ.

ಗುಂಡಿ ಒತ್ತಿದ್ದೇ ತಣ್ಣನೆಯ ಗಾಳಿ ಕೋಣೆ ತುಂಬಿತು. ನೀಲಗಂಗಮ್ಮ ಬೆರಗಾಗಿ, ಬಳೆ ತೊಡುವುದನ್ನೂ ಮರೆತು, ಏಸಿಗೆ ಕೈ ಮುಗಿದಳು.

ಏಸಿ ಮೆಲ್ಲಗೆ ಮಡಕೆಗೆ ಹೇಳಿತು: "ಮುಗಿದ ಕೈಗಳನ್ನು ಐದು ವರ್ಷ ಕಂಡೆ. ನನ್ನನ್ನು ಬದುಕಿಸಿದ್ದು ಧೂಳು ತೊಳೆದ ಕೈ."